ರಾಣಿಯ ಜಾಣಕಿವುಡು

ಮಿನ್ನು ಊಟದ ಮೇಜಿನ ಮೇಲೆ ಬೋರಲು ಹಾಕಿ ಹೋಗಿದ್ದ ಪುಸ್ತಕವನ್ನು ಎತ್ತಿಡೋಣವೆಂದು ಕೈಗೆ ತೆಗೆದುಕೊಂಡೆ. ಪುಟದ ತುಂಬ ನೇಂದ್ರಬಾಳೆ ಚಿಪ್ಸಿನ ಎಣ್ಣೆಯ ಕಲೆ, ಮೂಗಿಗೆ ತೆಂಗಿನೆಣ್ಣೆಯ ವಾಸನೆ. ಮಿನ್ನು ನನ್ನ ಮೊಮ್ಮಗಳು, ಎಂಟು ವರ್ಷದವಳು. ಪುಸ್ತಕ ಅವಳ ಶಾಲೆಯ ಲೈಬ್ರರಿಯದು; ಮಾತಾಡುವ ಆಮೆ, ಹಾರುವ ದೋಣಿ, ಇಂಥವೆಲ್ಲ ಇರುವ ಇಂಗ್ಲಿಷ್ ಕಾದಂಬರಿ. ಈ ವಯಸ್ಸಿನಲ್ಲಿ ನಿಮಗೇಕೆ ಅದು ಅಂತೀರೇನೋ. ಕಲೆ ಒರೆಸಲು ಹೋಗಿ ಒಂದು ಸಾಲು ಓದಿದೆ. ಸಾಲು ಹೋಗಿ ಅಧ್ಯಾಯವಾಯಿತು, ಅಡುಗೆಮನೆಯಲ್ಲಿ ಹಾಲು ಉಕ್ಕಿತು.

ಆ ಅಧ್ಯಾಯದಲ್ಲಿ ಒಬ್ಬ ರಾಣಿ. ಸಮುದ್ರದಾಚೆಯಿಂದ ಒಂದು ದ್ವೀಪಕ್ಕೆ ಮದುವೆಯಾಗಿ ಬಂದವಳು. ತನ್ನ ತವರಿನ ಮಾತು ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯಕ್ಕೆ ಕಿವಿಗೆ ಮಂತ್ರದ ಮೇಣ ಹಾಕಿಕೊಳ್ಳುತ್ತಾಳೆ. ತವರಿನ ಮಾತು ಬಿಟ್ಟು ಬೇರೇನೂ ಒಳಗೆ ಇಳಿಯದು. ಅವಳ ಮಗಳಿಗೋ ದಾದಿಯರಿಂದ ಕಲಿತ ದ್ವೀಪದ ಮಾತೇ ನಾಲಿಗೆಗೆ ಹತ್ತಿರ. ಒಂದು ದಿನ ಕಡಲು ಹಿಂದೆ ಸರಿಯುತ್ತಿರುವುದನ್ನು ಆ ಹುಡುಗಿ ನೋಡಿ ಓಡಿಬರುತ್ತಾಳೆ. "ಸರಿಯಾದ ಮಾತಿನಲ್ಲಿ ಹೇಳು," ಅನ್ನುತ್ತಾಳೆ ರಾಣಿ. ಹುಡುಗಿ ಹೋಗಿ ಅಂಬಿಗರಿಗೆ ಹೇಳುತ್ತಾಳೆ. ದೊಡ್ಡ ಅಲೆ ಬರಲಿದೆಯೆಂದು ತಿಳಿದು ದ್ವೀಪದವರೆಲ್ಲ ದೋಣಿ ಹತ್ತಿ ಹೊರಡುತ್ತಾರೆ. ರಾಣಿ ಕಿಟಕಿಯಲ್ಲಿ ನಿಂತು, ಏನೋ ಹಬ್ಬವಿರಬೇಕೆಂದು ಅವರಿಗೆ ಕೈಬೀಸುತ್ತಾಳೆ.

ಪುಸ್ತಕ ಮುಚ್ಚಿ ಹಾಲಿನ ಪಾತ್ರೆ ಇಳಿಸಿದೆ. ನನ್ನ ಮುಖ ಬಿಸಿಯಾಗಿತ್ತು. ಅದು ಒಲೆಯ ಕಾವಲ್ಲ.

ಮೈಸೂರು ಬಿಟ್ಟು ನಾವು ತಿರುವನಂತಪುರಕ್ಕೆ ಬಂದದ್ದು ಯಜಮಾನರಿಗೆ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸವಾದಾಗ. ಕ್ವಾರ್ಟರ್ಸಿನಲ್ಲಿ ಕನ್ನಡದ ಸಂಸಾರಗಳು ಒಂದಷ್ಟಿದ್ದವು. ನಾವು ಹೆಂಗಸರೆಲ್ಲ ಸೇರಿ ಚಕ್ಕುಲಿ ಒತ್ತುತ್ತ ಒಂದು ಕಾನೂನು ಮಾಡಿಕೊಂಡೆವು: ಮನೆಯಲ್ಲಿ ಮಕ್ಕಳು ಮಲಯಾಳಂನಲ್ಲಿ ಏನು ಕೇಳಿದರೂ ಕೇಳಿಸಿಲ್ಲ ಅನ್ನಬೇಕು. ಉಳಿದವರ ಮನೆಯಲ್ಲಿ ಕಾನೂನು ಹದಿನೈದು ದಿನಕ್ಕೇ ಮುರಿಯಿತು. ನಾನು ಮಾತ್ರ ಹಟಮಾರಿ, ಬಿಡಲಿಲ್ಲ. "ಅಮ್ಮೇ, ವಿಶಕ್ಕುನ್ನು," ಅಂತ ಮಗಳು ಸುಮಾ ಹೊಟ್ಟೆ ಹಿಡಿದುಕೊಂಡು ಬಂದರೆ ನಾನು ಗೋಡೆ ನೋಡುತ್ತಿದ್ದೆ. "ಹಸಿವಾಗ್ತಿದೆ" ಅಂದಮೇಲೆಯೇ ತಟ್ಟೆ. ತಮಾಷೆಯೆಂದರೆ, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗ ನನ್ನ ಮಲಯಾಳಂ ಹರಿಯುವ ನೀರು. ಕಾಂಪೌಂಡಿನಾಚೆ ಯಾರ ಮನೆಯಲ್ಲಿ ಅತ್ತೆ ಸೊಸೆ ಜಗಳವಾದರೂ ಅಕ್ಷರ ಬಿಡದೆ ಕೇಳಿಸುತ್ತಿತ್ತು. ಹೊಸಿಲು ದಾಟಿ ಒಳಗೆ ಬಂದರೆ ಜಾಣಕಿವುಡು.

ಸುಮಾಳ ಕನ್ನಡ ಚೆನ್ನಾಗಿಯೇ ಆಯಿತು. ರಜೆಗೆ ಮೈಸೂರಿಗೆ ಹೋದಾಗ ಎಲ್ಲರೂ ಮೆಚ್ಚುವರು, ನಾನು ಉಬ್ಬುವೆನು.

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಚಪಾತಿ ಲಟ್ಟಿಸುತ್ತಿದ್ದೆ. ಬೆನ್ನ ಹಿಂದೆ ಬಂದು ನಿಂತು, "ಅಮ್ಮೇ, ಒರು ಕಾರ್ಯಂ," ಅಂದಳು. ಒಂದು ವಿಷಯವಿದೆ ಅಂತ. ನಾನು ತಿರುಗಲಿಲ್ಲ. ಆಮೇಲೆ ಅವಳ ಚಪ್ಪಲಿಯ ಸದ್ದು ಹೊರಗೆ ಹೋಯಿತು. ಚಪಾತಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಮಲಯಾಳಿ ಅಕ್ಕ ಲೀಲಾ ಚೇಚಿ ಮುಖವರಳಿಸಿಕೊಂಡು ಬಾಗಿಲಿಗೆ ಬಂದರು. "ಮೋಳ್ ವಲಿಯ ಕುಟ್ಟಿಯಾಯಿ, ಕೇಟ್ಟೋ!" ಎಂದರು. ನನ್ನ ಮಗಳು ದೊಡ್ಡವಳಾದ ಸುದ್ದಿ ನನಗೆ ಮುಟ್ಟಿದ್ದು ಹೀಗೆ, ಪಕ್ಕದ ಮನೆಯಿಂದ. ಅವಳಿಗೆ ಬೇಕಾದ್ದನ್ನೆಲ್ಲ ಚೇಚಿಯೇ ಕೊಟ್ಟು, ತಲೆ ಸವರಿ, ಹೆದರಬೇಡ ಎಂದೂ ಹೇಳಿಯಾಗಿತ್ತು. ಆ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಸುಮಾಳಿಗೆ ಕಲಿಸಬೇಕಾದವಳು ನಾನು. ಕಲಿಸಿರಲಿಲ್ಲ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಕೊಟ್ಟೆ. ತಿಂದು ಕೈ ತೊಳೆದುಕೊಂಡಳು.

ಅಂದೂ ನಾಚಿಕೆಯಾಗಿತ್ತು. ಆದರೆ ನಾನದನ್ನು ಚೇಚಿಯ ಮೇಲಿನ ಸಿಟ್ಟು ಮಾಡಿಕೊಂಡೆ. ಸಿಟ್ಟು ಹೊರುವುದು ಸುಲಭ ನೋಡಿ.

ಈಗ ನಾವಿರುವುದು ಕೊಚ್ಚಿಯಲ್ಲಿ, ಕಲೂರಿನ ಫ್ಲ್ಯಾಟಿನಲ್ಲಿ. ಸುಮಾ ಕಳಮಶ್ಶೇರಿಯ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಾಳೆ. ನನ್ನೊಡನೆ ಅಚ್ಚ ಕನ್ನಡ: "ಮಾತ್ರೆ ತಗೊಂಡ್ಯಾಮ್ಮ? ಗ್ಯಾಸ್ ಆಫ್ ಮಾಡಿದ್ಯಾ?" ಭಾನುವಾರ ತಿರುವನಂತಪುರದ ಲೀಲಾ ಚೇಚಿಗೆ ಫೋನು ಹಚ್ಚಿದಳೆಂದರೆ ಒಂದು ಗಂಟೆ ಮಲಯಾಳಂನಲ್ಲಿ ನಗು, ಅಳು, ಗುಟ್ಟು ಎಲ್ಲ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿರುತ್ತೇನೆ.

ಇಷ್ಟಾದರೂ ಬುದ್ಧಿ ಬಂತೆ? ಹುಟ್ಟುಗುಣ ಸುಟ್ಟರೂ ಹೋಗದು. ಮಿನ್ನುವಿನ ಮೇಲೂ ಅದೇ ಕಾನೂನು ಹೇರಿದ್ದೇನೆ. ಅವಳು ಈ ಪುಸ್ತಕವನ್ನು ಬೋರಲು ಹಾಕಿದ್ದಾದರೂ ಏಕೆ? ಅರ್ಧ ಗಂಟೆ ಹಿಂದೆ ಓದುತ್ತಿದ್ದವಳು ಥಟ್ಟನೆ ಎದ್ದು ಬಂದು, ಮುಷ್ಟಿ ಬಿಗಿದುಕೊಂಡು, "ಅಜ್ಜೀ, ಒರು ಕಾರ್ಯಂ," ಅಂದಿದ್ದಳು. ಅವಳ ಅಮ್ಮ ಆಡಿದ್ದ ಮಾತೇ. ನಾನು ಪೇಪರಿನಿಂದ ಕಣ್ಣೆತ್ತಲಿಲ್ಲ. ಮಗು ಕೆಳಗೆ ಆಡಲು ಹೊರಟುಹೋಯಿತು.

ಲಿಫ್ಟು ಬರುವವರೆಗೆ ಕಾಯಲಾಗದೆ ಮಂಡಿನೋವಿನ ಕಾಲಿನಲ್ಲೇ ಮೆಟ್ಟಿಲಿಳಿದೆ. ಗೇಟಿನ ಹತ್ತಿರ ಸೆಕ್ಯೂರಿಟಿಯವರ ಕುರ್ಚಿಯ ಪಕ್ಕ ನಿಂತಿದ್ದಳು. ಅವಳೆದುರು ಕುಕ್ಕರಿಸಿ ಕೂತು, "ಎಂದಾ ಮೋಳೇ ಕಾರ್ಯಂ?" ಎಂದು ಕೇಳಿದೆ. ಏನು ಮಗಳೇ ವಿಷಯ ಅಂತ.

ಮಿನ್ನು ನನ್ನ ಬಾಯಿ ನೋಡಿದಳು, ಆಮೇಲೆ ನನ್ನ ಕಿವಿ ನೋಡಿದಳು. ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಕೇಳಿದಳು: "ಅಜ್ಜಿಗೆ... ಮಲಯಾಳಂ ಕೇಳಿಸುತ್ತಾ?"

ಇಷ್ಟು ದಿನವೂ ಆ ಮಗು ನಾನು ಮಲಯಾಳಂಗೆ ನಿಜವಾಗಿ ಕಿವುಡಿಯೆಂದೇ ನಂಬಿತ್ತು. ನಾಚಿಕೆಯಿಂದ ಕುಗ್ಗಿಹೋದೆ. "ಕೇಳಿಸುತ್ತೆ, ಪುಟ್ಟ. ಮೊದಲಿಂದಲೂ ಕೇಳಿಸುತ್ತೆ," ಅಂದೆ.

ಅವಳು ಮುಷ್ಟಿ ಬಿಚ್ಚಿದಳು. ಪುಟ್ಟದೊಂದು ಹಾಲುಹಲ್ಲು. ಬಾಯಲ್ಲಿ ಇನ್ನೂ ರಕ್ತದ ಎಳೆ.

"ಸೆಕ್ಯೂರಿಟಿ ಚೇಟ್ಟನೋಡು ಪರಞ್ಞು," ಎಂದಳು ಮೆಲ್ಲಗೆ. ಅವರಿಗೆ ಹೇಳಿಯಾಯಿತು ಅಂತ. ಹೇಳಿದ ಸುದ್ದಿಯನ್ನು ಮತ್ತೆ ಯಾರಿಗೆ ಹೇಳುವುದು ಎನ್ನುವ ಹಾಗೆ. ಕುರ್ಚಿಯಲ್ಲಿದ್ದ ಅವರು ನನ್ನನ್ನು ನೋಡಿ ನಕ್ಕರು. ನನಗೆ ನಗಲಾಗಲಿಲ್ಲ.

"ನನಗೂ ಹೇಳು," ಎಂದೆ. "ಮಲಯಾಳಂನಲ್ಲೇ ಹೇಳು."