ಯಶೋದಕ್ಕನ ಆಟದ ಪಾಠ

ಬೆಳಕು ಹರಿಯುವ ಮೊದಲೇ ನಿಜಲಿಂಗಪ್ಪ ಬಡಾವಣೆಯ ಯಶೋದಕ್ಕ ಅಂಗಳ ಗುಡಿಸಿ, ನೀರು ಹಿಡಿದು, ಗಂಡನ ಡಬ್ಬಿಗೆ ರೊಟ್ಟಿ ಬಡಿದು, ಅತ್ತೆಗೆ ಮಾತ್ರೆ ಕೊಟ್ಟು, ಕುಕ್ಕರ್ ಇಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನಿನೊಳಗಿನ ಆಟದ ಮಾಯಾಲೋಕಕ್ಕೆ ಇಳಿಯುತ್ತಾಳೆ. ಅಲ್ಲಿ ಆಕೆ ವೈದ್ಯೆ. ರಾಕ್ಷಸನ ಏಟಿಗೆ ಜೊತೆಗೆ ಆಡುವ ತಂಡದವರು ಕುಸಿದಾಗಲೆಲ್ಲ ಗಾಯ ಮಾಯಿಸಿ ಎಬ್ಬಿಸಿ ನಿಲ್ಲಿಸುವುದು ಆಕೆಯ ಕೆಲಸ. ಆಟಕ್ಕೆ ಹೊಸಬರು ಬಂದರೆ ಪಾಠವೂ ಆಕೆಯದೇ. “ಮೊದ್ಲೇ ಕತ್ತಿಗೆ ಆಸೆ ಬೀಳಬ್ಯಾಡ್ರಿ, ದೊಡ್ಡ ಚೀಲ ತಗೊಳ್ರಿ. ದಾರೀಲಿ ಸಿಕ್ಕಿದ ಸೊಪ್ಪು ಬಿಸಾಕಬ್ಯಾಡ್ರಿ, ನಾಳೆ ಔಷಧಿಗೆ ಬರ್ತೈತೆ. ಡ್ರ್ಯಾಗನ್ ಕಂಡ್ರೆ ಓಡ್ರಿ, ಮರ್ಯಾದಿ ಆಮೇಲೆ ನೋಡ್ಕಳ್ಳಾಣ.” ನಡುವೆ ಕುಕ್ಕರ್ ಕೂಗಿದರೆ, “ಒಂದ್ ನಿಮಿಷ ಯಾರೂ ಸಾಯಬ್ಯಾಡ್ರಪ್ಪಾ, ಬಂದೆ” ಎಂದು ಒಲೆ ಆರಿಸಿ ಬರುತ್ತಾಳೆ. ಎಲ್ಲರನ್ನೂ ಎಬ್ಬಿಸುವ ಗಡಿಬಿಡಿಯಲ್ಲಿ ಆಕೆ ಈವರೆಗೆ ಒಬ್ಬ ರಾಕ್ಷಸನನ್ನೂ ತಾನೇ ಹೊಡೆದವಳಲ್ಲ. ಇವತ್ತು ಆಟದ ಹೊಸ ಸುತ್ತು. ಎಲ್ಲರೂ ಮತ್ತೆ ಮೊದಲಿನಿಂದ ವೇಷ ಆರಿಸಿಕೊಳ್ಳಬೇಕು. “ಅಕ್ಕಾರು ವೈದ್ಯೇನೇ ಬಿಡ್ರಿ, ಅದ್ರಾಗೆ ಕೇಳಾದೇನೈತೆ?” ಎಂದ ತಂಡದ ನಾಯಕ, ಹರಿಹರದ ಅಶ್ವಥ್. ಅಡುಗೆ ಯಾರು ಮಾಡುತ್ತೀರೆಂದು ಮನೆಯಲ್ಲೂ ಯಾರೂ ಕೇಳಿದವರಲ್ಲ. ಯಶೋದಕ್ಕ ವೈದ್ಯೆಯ ಚಿತ್ರವನ್ನು ದಾಟಿಸಿ ಬೆರಳನ್ನು ಮುಂದೆ ಸರಿಸಿದಳು, ಬಿಲ್ಲುಗಾರ್ತಿಯ ಮೇಲೆ ಒತ್ತಿದಳು.