ಮಡಿಲಲ್ಲಿ ಬಿಸಿಯಾದ ಬ್ಯಾಟರಿ

೧೯೮೪ರ ಮಾತು. ನಾನಾಗ ಮಂಗಳೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬಿಸಿಲಿನಿಂದ ಸಿಗುವ ಕರೆಂಟನ್ನು ಕೂಡಿಡುವ ಬ್ಯಾಟರಿ ಮಾಡುವುದು ನನ್ನ ಪ್ರಾಜೆಕ್ಟ್. ಅದರಲ್ಲೇ ಸಂಶೋಧನೆ ಮುಂದುವರಿಸಬೇಕೆಂಬ ಆಸೆ. "ಸೋಮವಾರ ಬಲ್ಬ್ ಉರಿಸಿ ತೋರಿಸು. ಆಗ್ಲಿಲ್ಲಾಂದ್ರೆ ಬೇರೆ ವಿಷಯ ನೋಡುವ" ಎಂದಿದ್ದರು ಗೈಡ್. ಅವರು ಹೇಳಿದರೆ ಹೇಳಿದ್ದೇ.

ಭಾನುವಾರವಿಡೀ ಪಂಪ್‌ವೆಲ್‌ನ ನಮ್ಮ ಮನೆಯ ತಾರಸಿಯಲ್ಲಿ ಸೋಲಾರ್ ಫಲಕ ಇಟ್ಟು ಚಾರ್ಜ್ ಮಾಡಿದೆ. ಗಾಜಿನ ಜಾಡಿ, ಒಳಗೆ ಸೀಸದ ತಗಡುಗಳು, ಆ್ಯಸಿಡ್, ಬಾಯಿಗೆ ಮೇಣ. ಮರುದಿನ ಬೈರಾಸು ಎಂಬ ತೆಳು ಟವೆಲಿನಲ್ಲಿ ಸುತ್ತಿ ವಯರ್ ಬ್ಯಾಗಿನಲ್ಲಿಟ್ಟು ಲ್ಯಾಬಿಗೆ ಹೊರಟು ಬಸ್ ಹತ್ತಿದರೆ ಕಾಲಿಡಲು ಜಾಗವಿರಲಿಲ್ಲ.

ನಮ್ಮ ಸಿಟಿ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕುಳಿತವರು ಮಡಿಲಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಕೇಳುವುದೂ ಇಲ್ಲ, ಎಳೆದುಕೊಂಡೇ ಬಿಡುತ್ತಾರೆ. ಬುರ್ಕಾ ತೊಟ್ಟ ಹಿರಿಯ ಬ್ಯಾರಿ ಹೆಂಗಸೊಬ್ಬರು ನನ್ನ ಚೀಲವನ್ನೂ ಹಾಗೆಯೇ ಎಳೆದುಕೊಂಡರು. "ಅಮ್ಮಾ, ಅದು..." ಎನ್ನುವಷ್ಟರಲ್ಲಿ ಜನ ನನ್ನನ್ನು ಹಿಂದಕ್ಕೆ ತಳ್ಳಿಯಾಗಿತ್ತು.

ಕಂಕನಾಡಿ ದಾಟಿದ ಮೇಲೆ ಅವರ ದನಿ ಕೇಳಿತು. "ಆಸ್ಪತ್ರೆಯಲ್ಲಿ ಯಾರು ಮಗಳೇ? ಗಂಜಿ ಒಳ್ಳೆ ಬಿಸಿ ಉಂಟು ಮಾರಾಯ್ತಿ!" ದೊಡ್ಡ ಆಸ್ಪತ್ರೆಯಿರುವ ಅತ್ತಾವರದ ಕಡೆಗೆ ಚೀಲ ಹಿಡಿದು ಹೋಗುವವರೆಲ್ಲ ರೋಗಿಗೆ ಊಟ ಒಯ್ಯುವವರೇ ಎಂದು ಅವರ ಲೆಕ್ಕ.

ಅದು ಗಂಜಿಯಲ್ಲ, ನನ್ನ ಬ್ಯಾಟರಿ. ಅದು ಬಿಸಿಯಾಗಿದೆ ಎಂದರೆ ಕುಲುಕಾಟಕ್ಕೆ ಒಳಗಿನ ತಗಡುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದೆ. ಗಾಜು ಬಿರಿದರೆ ಆ್ಯಸಿಡ್ ಅವರ ಮೈಮೇಲೆ! "ಬಸ್ ನಿಲ್ಸಿ" ಎಂದು ಕಿರುಚುತ್ತ ನುಗ್ಗಿ ಚೀಲ ಕಿತ್ತುಕೊಂಡೆ. "ಎಂತ, ಹುಚ್ಚುಂಟಾ ನಿಂಗೆ?" ಎಂದು ಕಂಡಕ್ಟರ್ ಬೈದ. ಇಳಿದು ಚರಂಡಿ ಬದಿಯಲ್ಲಿ ಚೀಲ ಇಡುವುದಕ್ಕೂ ಜಾಡಿ ಟಪ್ಪೆಂದು ಒಡೆಯುವುದಕ್ಕೂ ಸರಿಹೋಯಿತು.

ಆ ಹೆಂಗಸೂ ನನ್ನ ಹಿಂದೆಯೇ ಇಳಿದಿದ್ದರು. ಮೇಣ ಕರಗಿ ಸೋರಿದ ಆ್ಯಸಿಡ್ ಹನಿಗಳು ಅವರ ಬುರ್ಕಾದ ಮೇಲಿದ್ದವು. ಬೀದಿನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ನೀರು ಸುರಿದೆ. ಮೈಗೆ ಏನೂ ಆಗಿರಲಿಲ್ಲ.

"ಬಟ್ಟೆ ತೂತಾಗ್ತದೆ ಅಮ್ಮ" ಎಂದು ನಡೆದದ್ದನ್ನೆಲ್ಲ ಹೇಳುತ್ತ ಅತ್ತೇಬಿಟ್ಟೆ.

"ಬಟ್ಟೆ ತಾನೇ, ಹೋಗ್ಲಿ. ಇದು ಎಂತಕ್ಕೆ ಮಾಡುವುದು?"

"ಕರೆಂಟಿಲ್ಲದ ಮನೆಯಲ್ಲಿ ದೀಪ ಉರಿಸ್ಲಿಕ್ಕೆ."

"ನಮ್ಮ ಮನೆಗೂ ಕರೆಂಟ್ ಬರ್ಲಿಲ್ಲ. ಮಾಡು ಮಗಳೇ. ಆದ್ರೆ ಮಕ್ಕಳು ಮುಟ್ಟಿದ್ರೂ ಎಂತದೂ ಆಗ್ಬಾರ್ದು, ಹಾಗೆ ಮಾಡು" ಎಂದು ಬೆನ್ನು ತಟ್ಟಿ ಅವರು ಆಸ್ಪತ್ರೆಯ ಕಡೆ ನಡೆದರು.

ಗೈಡ್ ಮುಂದೆ ಬರಿಗೈಯಲ್ಲಿ ನಿಂತೆ. ಎಲ್ಲ ಕೇಳಿ, "ಹಾಗಾದ್ರೆ ಬೇರೆ ವಿಷಯ ನೋಡುವನಾ?" ಎಂದರು.

"ಬೇಡ ಸಾರ್. ತಗಡುಗಳು ತಾಗದ ಹಾಗೆ ನಡುವೆ ಎಂತ ಇಡಬೇಕು, ಅದನ್ನೇ ನೋಡ್ತೇನೆ."

ಅವರು, "ಆಯ್ತು. ಆದ್ರೆ ಬಸ್ಸಲ್ಲಿ ತರ್ಬೇಡ" ಎಂದರು.

ತಗಡುಗಳು ತಾಗದಂತೆ ನಡುವೆ ಇಡುವ ತೆಳು ಹಾಳೆಯೇ ನನ್ನ ಬದುಕಿನ ಕೆಲಸವಾಯಿತು. ಆ ತಾಯಿಯ ಹೆಸರು ಕೇಳಲಿಲ್ಲವಲ್ಲ ಎಂಬ ಬೇಸರ ಹಾಗೆಯೇ ಇದೆ. ಹೊಸ ಬ್ಯಾಟರಿ ತಯಾರಾದಾಗ ಲ್ಯಾಬಿನ ಉಳಿದವರೆಲ್ಲ ಮೀಟರಿನ ಮುಂದೆ ಸೇರುತ್ತಾರೆ. ಅದು ಇನ್ನೊಬ್ಬರ ಕೈಗೆ ಹೋಗುವ ಮೊದಲು ನಾನು ಸ್ವಲ್ಪ ಹೊತ್ತು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ.