ಲಾಟ್ವಿಯಾ, ಟೋಂಗಾ ಮತ್ತು ನಮ್ಮ ಸರತಿ

ಲಾಟ್ವಿಯಾ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಟೋಂಗಾ ಎಲ್ಲಿದೆ ಎಂದಂತೂ ಕೇಳಲೇಬೇಡಿ. ಮೈಸೂರಿನ ನಮ್ಮ ಸ್ಕೂಲಿನಲ್ಲಿ ಬೆತ್ತ ಹಿಡಿದು ಭೂಪಟ ತೋರಿಸಿದ ಮೇಷ್ಟ್ರು ಇವೆರಡರ ಮೇಲೆ ಒಮ್ಮೆಯೂ ಬೆತ್ತ ಇಟ್ಟವರಲ್ಲ. ಸ್ಯಾನ್ ಹೊಸೆಯ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ ಸರ್ವೆ ಫಾರಂಗಳನ್ನು ಸೋಸುವುದು. ಜನ ತುಂಬಿಕೊಟ್ಟಿದ್ದರಲ್ಲಿ ಮರೆವು ಯಾವುದು, ಸುಳ್ಳು ಯಾವುದು ಎಂದು ಹೆಕ್ಕಿ ತೆಗೆಯಬೇಕು. ಆ ಚಳಿಗಾಲದಲ್ಲಿ ಬಾಸ್ ಹೊಸ ಕೆಲಸ ತಂದರು. ನಮ್ಮ ಊರಿನ ಸುತ್ತಮುತ್ತ, ಬೇ ಏರಿಯಾ ಎನ್ನುವ ಕಡೆಗೆ, ಬಂದು ನೆಲೆಸಿದ ಲಾಟ್ವಿಯಾದವರೂ ಟೋಂಗಾದವರೂ ಓದು, ಸಂಪಾದನೆ, ಮನೆ, ಮಕ್ಕಳು ಇವುಗಳಲ್ಲಿ ಎಲ್ಲಿಗೆ ಮುಟ್ಟಿದ್ದಾರೆ ಎಂದು ಅಕ್ಕಪಕ್ಕ ಇಟ್ಟು ಹೋಲಿಸಿ ವರದಿ ಕೊಡಬೇಕಂತೆ. ಯಾಕೆ ಇವೆರಡೇ ಎಂದು ಕೇಳಿದೆ. ಎರಡೂ ಸಣ್ಣವು, ಇದುವರೆಗೆ ಯಾರೂ ತಿರುಗಿ ನೋಡಿಲ್ಲ, ಅದಕ್ಕೇ ಎಂದರು.

ಸಣ್ಣವು ಎಂದ ಕೂಡಲೇ ನನ್ನ ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಹೊಟ್ಟೆಕಿಚ್ಚೇ. ಗ್ರೀನ್ ಕಾರ್ಡಿನ ಸರತಿಯಲ್ಲಿ ಮುಖ್ಯ ಪ್ರಶ್ನೆ ಯಾವ ದೇಶದಲ್ಲಿ ಹುಟ್ಟಿದಿರಿ ಎನ್ನುವುದು. ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ವರ್ಷಕ್ಕೆ ಒಂದೇ ಮಿತಿ. ಆ ಎರಡು ದೇಶಗಳ ಜನರನ್ನೆಲ್ಲ ಒಟ್ಟಿಗೆ ಎತ್ತಿ ತಂದರೆ ಬೆಂಗಳೂರಿನ ಒಂದು ಮೂಲೆಯಲ್ಲಿ ಇಡಬಹುದು. ಅವರಿಗೆ ನಮ್ಮ ಥರದ ಸಾಲೇ ಇಲ್ಲ. ನಾನು ಅರ್ಜಿ ಹಾಕಿದಾಗ ನನ್ನ ಮಗಳಿಗೆ ಆರು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬರುವ ಅಕ್ಟೋಬರಿಗೆ ಅವಳಿಗೆ ಇಪ್ಪತ್ತೊಂದು. ಇಪ್ಪತ್ತೊಂದು ತುಂಬಿದರೆ ಅವಳು ನನ್ನ ಅರ್ಜಿಯಿಂದ ಉದುರಿಹೋಗುತ್ತಾಳೆ. ಮೂರು ವರ್ಷದವಳಾಗಿ ಬಂದು ಇಲ್ಲಿನ ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಕೆಳಗೆ ಬೆಳೆದವಳು ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಮನೆಯಲ್ಲಿ ನಾವಿಬ್ಬರೇ. ಅವಳಪ್ಪ ಏಳು ವರ್ಷದ ಹಿಂದೆ ಬೆಂಗಳೂರಿಗೆ ಹಿಂತಿರುಗಿ ಬೇರೆ ಸಂಸಾರ ಮಾಡಿಕೊಂಡರು, ಆ ಮಾತು ಇಲ್ಲಿ ಬೇಡ. ನಾನು ಕೆಲಸ ಬಿಡುವ ಹಾಗಿಲ್ಲ, ಅರ್ಜಿ ಹಾಕಿದ್ದು ಆಫೀಸಿನ ಮೂಲಕ, ಬಿಟ್ಟರೆ ಅದೂ ಹೋಯಿತು. ಬಾಸ್ ಮೇಲೆ ಎಷ್ಟೇ ಕೋಪ ಬಂದರೂ ನುಂಗಿಕೊಂಡು ಕೂತವಳು ನಾನು. ಇದೆಲ್ಲ ಮಗಳಿಗಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ನಮ್ಮ ಅರ್ಜಿ ನೋಡಿಕೊಳ್ಳುವ ಲಾಯರ್ ಒಂದು ಇಮೇಲ್ ಕಳಿಸಿದರು. ಈಗ ಸಾಲು ಸರಿಯುತ್ತಿರುವ ರೀತಿ ನೋಡಿದರೆ ಅಕ್ಟೋಬರಿನೊಳಗೆ ನಮ್ಮ ಸರತಿ ಬರುವುದಿಲ್ಲ, ಮಗಳಿಗೆ ಬೇರೆ ದಾರಿ ಈಗಲೇ ನೋಡಿ ಎಂದು ಬರೆದಿದ್ದರು. ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೆ ಕೂತು ಅದನ್ನು ಮೂರು ಸಲ ಓದಿದೆ. ಮಗಳಿಗೆ ಹೇಳಲಿಲ್ಲ. ಇವತ್ತು ಬೇಡ, ಪರೀಕ್ಷೆ ಮುಗಿಯಲಿ, ಯುಗಾದಿ ಕಳೆಯಲಿ ಅಂತ ಮುಂದೆ ಹಾಕುತ್ತಾ ಹೋದೆ.

ಅಷ್ಟು ಹೊತ್ತಿಗೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷ ಮುಗಿಸುತ್ತಿದ್ದ ಅವಳಿಗೆ ಡಿಗ್ರಿ ಮುಗಿಸಲು ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಇಲ್ಲೇ, ಮನೆಯಿಂದ ಇಪ್ಪತ್ತು ನಿಮಿಷ. ಇನ್ನೊಂದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿ ಓದಿದರೆ ಅಲ್ಲೇ ಕೆಲಸ, ಅಲ್ಲೇ ನೆಲೆ ಸಿಗುವ ದಾರಿ ಇದೆ ಎಂದು ಅವಳೇ ಓದಿ ತಿಳಿದುಕೊಂಡಿದ್ದಳು. ಮೇ ಕೊನೆಯ ಶುಕ್ರವಾರದೊಳಗೆ ಟೊರಾಂಟೊಗೆ ಹೌದು ಅಥವಾ ಇಲ್ಲ ಹೇಳಬೇಕು. ಗ್ರೀನ್ ಕಾರ್ಡು ಬರುವುದಾದರೆ ಇಲ್ಲಿ, ಬರದಿದ್ದರೆ ಅಲ್ಲಿ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ನಮ್ಮ ಮನೆಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಕೆಟ್ಟ ಮಾತು ಬಾಯಿಂದ ಬಂದರೆ ನಮ್ಮಜ್ಜಿ ‘ಬಿಡ್ತು ಅನ್ನು’ ಎನ್ನುತ್ತಿದ್ದರು. ಬಿಡ್ತು ಎಂದುಬಿಟ್ಟರೆ ಆಡಿದ್ದು ಅಲ್ಲಿಗೆ ಕಳೆಯಿತು, ಅಸ್ತು ದೇವತೆಗಳು ಕೇಳಿಸಿಕೊಳ್ಳುವುದಿಲ್ಲ. ನಾನೂ ಅದನ್ನು ಈ ದೇಶಕ್ಕೆ ಹೊತ್ತು ತಂದೆ. ವಿಮಾನ ಬಿದ್ದರೆ? ಬಿಡ್ತು ಅನ್ನು. ನಿನಗೆ ಕ್ಯಾನ್ಸರ್ ಬಂದರೆ? ಬಿಡ್ತು ಅನ್ನು. ಮಗಳಿಗೆ ಕನ್ನಡ ಅರ್ಥವಾಗುವಷ್ಟು ಆಡಲು ಬರುವುದಿಲ್ಲ, ಕೇಳಿದ್ದಕ್ಕೆಲ್ಲ ಇಂಗ್ಲಿಷ್ ಬೆರೆಸಿದ ಅರೆಬರೆ ಉತ್ತರ. ಈ ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಿದ್ದಳು.

ಏಪ್ರಿಲ್‌ನಿಂದ ಮನೆಮನೆಗೆ ಹೋಗಿ ಸರ್ವೆ ಮಾಡುವ ಕೆಲಸ ಶುರುವಾಯಿತು. ಫ್ರೀವೇ ಅಂದರೆ ನನಗೆ ಈಗಲೂ ಎದೆ ಡವಡವ ಅನ್ನುತ್ತದೆ, ಊರೊಳಗಿನ ರಸ್ತೆಯಲ್ಲಿ ತೆವಳುವವಳು ನಾನು. ಹಾಗಾಗಿ ಮಗಳೇ ಡ್ರೈವ್ ಮಾಡುತ್ತಿದ್ದಳು. ನಾನು ಪ್ರಶ್ನೆ ಓದುವುದು, ಅವಳು ಟ್ಯಾಬಿನಲ್ಲಿ ಉತ್ತರ ಒತ್ತುವುದು. ಬಾಸ್‌ಗೆ ಹೇಳಿರಲಿಲ್ಲ.

ಮೊದಲು ಹೋದದ್ದು ಮಾರ್ಗನ್ ಹಿಲ್‌ನಲ್ಲಿದ್ದ ಲಾಟ್ವಿಯಾದ ಒಬ್ಬ ಮುದುಕರ ಮನೆಗೆ. ರಿಟೈರಾದ ಇಂಜಿನಿಯರು, ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳು ದೇಶದ ಆ ತುದಿಯಲ್ಲಿ. ನಮ್ಮ ಫಾರಂ ಪ್ರಕಾರ ಅವರಂಥ ಯಶಸ್ವಿ ಮನುಷ್ಯ ಇನ್ನೊಬ್ಬನಿಲ್ಲ. ಓದು, ಸ್ವಂತ ಮನೆ, ಪೆನ್ಷನ್ನು, ಓದಿದ ಮಕ್ಕಳು, ಎಲ್ಲ ಕಾಲಮ್ಮೂ ಭರ್ತಿ. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೆ ಒಬ್ಬ ಎಂದರು. ಕಷ್ಟ ಬಂದರೆ ಯಾರನ್ನು ಕರೆಯುತ್ತೀರಿ ಎಂದದ್ದಕ್ಕೆ ಪ್ಲಂಬರನ್ನು ಎಂದು ನಕ್ಕರು.

ಅವರು ಹುಟ್ಟಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಒಂದು ನಿರಾಶ್ರಿತರ ಶಿಬಿರದಲ್ಲಿ. ಯಾವುದಾದರೂ ದೇಶ ಒಳಗೆ ಬಿಟ್ಟುಕೊಳ್ಳಲಿ ಎಂದು ಅವರ ಮನೆಯವರು ಅಲ್ಲಿ ವರ್ಷಗಟ್ಟಲೆ ಕಾದಿದ್ದರಂತೆ. ಅವರ ತಂದೆ ದಿನಾ ಸಂಜೆ ನೋಟಿಸು ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಂಡು ಬಂದು ಮಕ್ಕಳಿಗೂ ಓದಿ ಹೇಳುತ್ತಿದ್ದರಂತೆ. ಯಾವ ದೇಶ ಅಜ್ಜಿಯನ್ನು ಸೇರಿಸಿಕೊಳ್ಳುತ್ತದೆ, ಯಾವುದು ಬರಿ ಗಟ್ಟಿಮುಟ್ಟಾದ ಗಂಡಸರನ್ನು ಮಾತ್ರ ಕೇಳುತ್ತದೆ ಎಂದು ಏಳು ವರ್ಷದ ಅಕ್ಕನಿಗೆ ಬಾಯಿಪಾಠ ಆಗಿತ್ತಂತೆ. ಅಯ್ಯೋ, ಅಷ್ಟು ಚಿಕ್ಕ ಮಗುವಿಗಾ ಎಂದೆ. ಅವಳ ಬದುಕೂ ಅದರಲ್ಲೇ ಇತ್ತಲ್ಲ ಎಂದರು. ನಾನು ಟಕ್ಕನೆ ಮುಂದಿನ ಪ್ರಶ್ನೆಗೆ ಹೋದೆ. ಹೊರಡುವಾಗ ತಾವೇ ಬೇಯಿಸಿದ ದೊಡ್ಡ ಕಪ್ಪು ಬ್ರೆಡ್ಡಿನಲ್ಲಿ ಅರ್ಧ ಕಟ್ಟಿಕೊಟ್ಟರು. ಮಗಳು ಅದಕ್ಕೆ ತುಪ್ಪ ಸವರಿ ಚಟ್ನಿಪುಡಿ ಉದುರಿಸಿಕೊಂಡು ವಾರವಿಡೀ ತಿಂದಳು.

ಮೇ ಕೊನೆಯ ಆ ಶುಕ್ರವಾರ ಬಂತು. ಸಂಜೆ ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಎದುರಿಗೆ ಕುಳಿತಳು.

“ಅಮ್ಮ, ಲಾಸ್ಟ್ ಡೇ ಇವತ್ತು. ಅಕ್ಟೋಬರ್ ಒಳಗೆ ಬರುತ್ತೆ ತಾನೆ? ಹೇಳು.”

“ಬರುತ್ತೆ,” ಎಂದೆ.

“ಬರದಿದ್ರೆ?”

“ಬಿಡ್ತು ಅನ್ನು.”

“ಬಿಡ್ತು,” ಎಂದಳು. ಅಲ್ಲೇ, ನನ್ನೆದುರಿಗೇ ಟೊರಾಂಟೊಗೆ ಇಲ್ಲ ಎಂದು ಒತ್ತಿದಳು. ನನ್ನ ಕೈ ಹುರುಳಿಕಾಯಿಯ ನಾರು ತೆಗೆಯುತ್ತಲೇ ಇತ್ತು. ಬಾಯಿ ತೆರೆಯಲು ನನಗೆ ಹೊತ್ತಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಮಧ್ಯರಾತ್ರಿಯವರೆಗೆ ಹೊತ್ತಿತ್ತು. ಅವಳು ಹೋದರೆ ಈ ಮನೆಯಲ್ಲಿ ಯಾರಿಗೆ ಅಡುಗೆ ಮಾಡಲಿ ಎಂದು ಯೋಚಿಸುತ್ತಿದ್ದೆ. ಫಾರಂನಲ್ಲಿ ‘ಎಷ್ಟು ಜನ’ ಎಂಬ ಪ್ರಶ್ನೆಗೆ ಆ ಮುದುಕರು ‘ಒಬ್ಬ’ ಎಂದದ್ದು ನೆನಪಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಮರುದಿನ ಶನಿವಾರ, ಈಸ್ಟ್ ಪಾಲೊ ಆಲ್ಟೊದಲ್ಲಿ ಟೋಂಗಾದ ಒಬ್ಬ ಹೆಂಗಸಿನ ಮನೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಆಕೆಯದು, ನನ್ನದೇ ಪ್ರಾಯ. ಹೋಗಿ ನೋಡಿದರೆ ಮನೆ ತುಂಬ ಕಪ್ಪು ಬಟ್ಟೆಯವರು. ಆಕೆಯ ಚಿಕ್ಕಪ್ಪ ತೀರಿಕೊಂಡಿದ್ದರು. ಆಕೆ ಸೊಂಟಕ್ಕೆ ಮೊಣಕಾಲಿನವರೆಗೂ ಬರುವ ದೊಡ್ಡ ಚಾಪೆ ಸುತ್ತಿಕೊಂಡಿದ್ದಳು, ಸಾವಿಗೆ ಮರ್ಯಾದೆ ತೋರಿಸುವುದು ಅವರಲ್ಲಿ ಹಾಗಂತೆ. ನಾನು ಕೈಮುಗಿದು ಇನ್ನೊಂದು ದಿನ ಬರುತ್ತೇವೆ ಎಂದೆ. ಹೇಗೂ ಎಲ್ಲರೂ ಇದ್ದಾರೆ, ಎಣಿಸಿಕೊಂಡು ಹೋಗು ಎಂದು ಗ್ಯಾರೇಜಿಗೆ ಕರೆದೊಯ್ದು ಕೂರಿಸಿದಳು. ಗ್ಯಾರೇಜೂ ಒಂದು ಮಲಗುವ ಕೋಣೆಯೇ ಆಗಿತ್ತು, ಗೋಡೆಯುದ್ದಕ್ಕೂ ಹಾಸಿಗೆಗಳು. ಯಾರೋ ಎರಡು ತಟ್ಟೆಗಳಲ್ಲಿ ಬೇಯಿಸಿದ ಗೆಣಸು ತಂದಿಟ್ಟರು.

ಆಕೆ ಒಂದು ಷರತ್ತು ಹಾಕಿದಳು. ಇಲ್ಲಿಗೆ ಎಷ್ಟೋ ಜನ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ, ನಮ್ಮದನ್ನೆಲ್ಲ ಕೇಳಿಕೊಂಡು ಹೋಗುತ್ತಾರೆ, ತಮ್ಮದು ಒಂದೂ ಹೇಳುವುದಿಲ್ಲ. ನನ್ನನ್ನು ಏನು ಕೇಳುತ್ತೀಯೋ ಅದಕ್ಕೆ ನೀನೂ ಉತ್ತರ ಹೇಳಬೇಕು ಎಂದಳು. ನಮ್ಮ ಕೆಲಸದಲ್ಲಿ ಹಾಗೆ ಮಾಡುವಂತಿಲ್ಲ, ಆದರೂ ಸಾವಿನ ಮನೆಯಲ್ಲಿ ಏನು ವಾದ ಎಂದು ಒಪ್ಪಿಕೊಂಡೆ.

ಮೊದಮೊದಲು ಚೆನ್ನಾಗಿಯೇ ಇತ್ತು. ಮನೆಯಲ್ಲಿ ಎಷ್ಟು ಜನ? ಆಕೆ ಹದಿಮೂರು, ನಾನು ಇಬ್ಬರು. ಪಾಪ ಎಂದಳು. ಎಷ್ಟು ಓದಿದ್ದು? ಆಕೆ ಹೈಸ್ಕೂಲು, ನಾನು ಎರಡು ಮಾಸ್ಟರ್ಸು. ಆಕೆ ಹುಬ್ಬೇರಿಸಿ ಮಗಳ ಕಡೆ ನೋಡಿದಳು, ಮಗಳು ನಕ್ಕಳು. ಕಷ್ಟ ಬಂದರೆ ಯಾರು? ಆಕೆ ಹೆಸರು ಹೇಳುತ್ತಲೇ ಹೋದಳು, ಚರ್ಚಿನವರು, ಅತ್ತಿಗೆಯರು, ಅತ್ತಿಗೆಯ ತಮ್ಮಂದಿರು. ಮಗಳು ಟೈಪ್ ಮಾಡಿ ಮಾಡಿ ಸುಸ್ತಾದಳು. ನಾನು ಮಗಳ ಕಡೆ ಬೆರಳು ತೋರಿಸಿದೆ. ನಮ್ಮ ಬಾಸ್ ಮಾಡಿಟ್ಟ ಕೋಷ್ಟಕದಲ್ಲಿ ಇಂಥ ಮನೆಗಳು ಹಿಂದುಳಿದ ಕಡೆಗೆ ಬೀಳುತ್ತವೆ, ಒಂದು ಸೂರಿನಡಿ ಹದಿಮೂರು ಜನ ಎಂದರೆ ಇಕ್ಕಟ್ಟು ಎಂದು ಅರ್ಥ. ಇಕ್ಕಟ್ಟು ನಿಜವೇ. ಆಕೆಯ ಬೆನ್ನು ನೋವು, ಎರಡೆರಡು ಕಡೆ ಕೆಲಸ, ಓದು ಬಿಟ್ಟ ದೊಡ್ಡ ಮಗ, ಇವೂ ಅಷ್ಟೇ ನಿಜ. ಆಕೆ ಯಾವುದನ್ನೂ ಮುಚ್ಚಿಡಲಿಲ್ಲ.

ಆಮೇಲೆ ನಾನೇ ಬರೆದಿದ್ದ ಪ್ರಶ್ನೆ ಬಂತು. ನಿಮ್ಮ ಮಕ್ಕಳಿಗೆ ಇಲ್ಲಿ ಕಾಯಂ ಆಗಿ ಇರಲು ಪರವಾನಗಿ ಇದೆಯೇ? ಇಲ್ಲದಿದ್ದರೆ ಯಾವಾಗ ಸಿಗಬಹುದು? ಆಕೆ ಎಲ್ಲರಿಗೂ ಇದೆ ಎಂದು ಕೈ ಬೀಸಿದಳು. ಮಗಳು ಒತ್ತಿದಳು. ಆಕೆ ನನ್ನ ಕಡೆ ತಿರುಗಿ, ನಿನ್ನ ಮಗಳಿಗೆ ಎಂದಳು.

ಬರುತ್ತೆ ಎಂದುಬಿಡಬಹುದಿತ್ತು, ಹಿಂದಿನ ಸಂಜೆ ಎಷ್ಟು ಸಲೀಸಾಗಿ ಅಂದಿದ್ದೆ. ಆದರೆ ಆಕೆ ಸತ್ತ ಚಿಕ್ಕಪ್ಪನಿಗಾಗಿ ಚಾಪೆ ಸುತ್ತಿಕೊಂಡು, ತನ್ನ ಮಗ ಓದು ಬಿಟ್ಟದ್ದನ್ನೂ ಹೇಳಿ, ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಆ ಗ್ಯಾರೇಜಿನಲ್ಲಿ ಸುಳ್ಳಿಗೆ ನನ್ನ ನಾಲಿಗೆ ಹೊರಳಲಿಲ್ಲ. ಇಲ್ಲ ಎಂದೆ. ಅಕ್ಟೋಬರಿನೊಳಗೆ ಬರುವುದಿಲ್ಲ, ಲಾಯರ್ ಹೇಳಿದ್ದಾರೆ ಎಂದೆ. ಇಂಗ್ಲಿಷಿನಲ್ಲೇ ಹೇಳಿದೆ, ಯಾರಿಗೂ ಅನುಮಾನ ಉಳಿಯದ ಹಾಗೆ.

ಮಗಳು ಟ್ಯಾಬಿನಿಂದ ಕಣ್ಣೆತ್ತಲಿಲ್ಲ.

“ಬಿಡ್ತು ಅನ್ನು, ಅಮ್ಮ,” ಎಂದಳು.

ನಾನು ಅನ್ನಲಿಲ್ಲ. ಅನ್ನುತ್ತೇನೇನೋ ಎಂದು ಅವಳು ಕಾದಳು. ಟೋಂಗಾದ ಹೆಂಗಸಿಗೆ ಮಾತು ತಿಳಿಯದಿದ್ದರೂ ಏನೋ ಆಗಿಹೋಯಿತು ಎಂದು ಗೊತ್ತಾಯಿತು. ಎದ್ದು ಬಂದು ಮಗಳ ತಲೆಯ ಮೇಲೆ ಕೈಯಿಟ್ಟು, ಉಳಿದ ಪ್ರಶ್ನೆ ಆಮೇಲೆ ನೋಡೋಣ ಎಂದು ಗೆಣಸಿನ ತಟ್ಟೆಗಳ ಮೇಲೆ ಫಾಯಿಲ್ ಮುಚ್ಚಿ ಕೊಟ್ಟಳು.

ವಾಪಸ್ ಬರುವಾಗ ಫ್ರೀವೇಯಲ್ಲಿ ಮಗಳು ಒಂದೇ ಒಂದು ಮಾತು ಕೇಳಿದಳು, ಯಾವಾಗಿನಿಂದ ಗೊತ್ತಿತ್ತು ಎಂದು. ಫೆಬ್ರವರಿ ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಲೇನ್ ಬದಲಾಯಿಸುವಾಗ ನನ್ನ ಕಡೆಯ ಕನ್ನಡಿ ನೋಡುತ್ತಿದ್ದಳು, ನನ್ನನ್ನು ನೋಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ, ಹಿಂದೆ ಹೋಗುವ ಹಾಗಿಲ್ಲ, ಮುಂದೆ ಸರಿಯುವ ಹಾಗಿಲ್ಲ ಎಂದು ಕಂಡಕಂಡವರ ಹತ್ತಿರ ಗೋಳಾಡಿದವಳು ನಾನು. ಅವಳಿಗೆ ಹೊರಗೆ ಹೋಗಲು ಒಂದು ಬಾಗಿಲು ತೆರೆದಿತ್ತು. ಅದನ್ನು ಮುಚ್ಚಿದ್ದು ಯಾವ ಸರ್ಕಾರವೂ ಅಲ್ಲ.

ಮನೆಗೆ ಬಂದು ಕೈಕಾಲು ತೊಳೆದು ನಾನು ಸುಮ್ಮನೆ ಅಡುಗೆಮನೆಯಲ್ಲಿ ನಿಂತಿದ್ದೆ. ಅವಳು ಲ್ಯಾಪ್‌ಟಾಪ್ ತಂದು ಅದೇ ಕುರ್ಚಿಯಲ್ಲಿ ಕುಳಿತಳು. ನಿನ್ನೆ ಬೇಡ ಎಂದ ಸೀಟನ್ನು ಮತ್ತೆ ಕೊಡುತ್ತೀರಾ ಎಂದು ಟೊರಾಂಟೊಗೆ ಬರೆಯುತ್ತಿದ್ದಳು. ಕಾರಣ ಬರೆಯಬೇಕು ಎಂಬ ಕಡೆ ನಿಂತಳು.

“ಏನು ರೀಸನ್ ಹಾಕ್ಲಿ?”

“ನಮ್ಮಮ್ಮ ಸುಳ್ಳು ಹೇಳಿದ್ಲು ಅಂತ ಬರಿ, ಪುಟ್ಟಿ.”

ಅವಳು ಒಂದು ಸಾಲು ಬರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಾಲೇಜಿನ ಪ್ರತಿ ಅರ್ಜಿಯನ್ನೂ ಕಳಿಸುವ ಮುಂಚೆ ನಾನು ನೋಡಬೇಕೆಂಬುದು ನಮ್ಮ ವಾಡಿಕೆ, ತಪ್ಪು ಹುಡುಕುವುದೇ ನನ್ನ ಕೆಲಸವಲ್ಲವೇ. ನನ್ನ ಕುಟುಂಬದ ಬಗ್ಗೆ ನನಗಿದ್ದ ಮಾಹಿತಿ ತಪ್ಪಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು.

ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಸರಿಯಾಗಿದೆ, ಕಳಿಸು ಎಂದೆ.